ಬೇಕು–ಬೇಡಗಳ ಬ್ಯಾಂಕು

ಡಬ್ಬಿ ಕೈಗೆ ಬಂದ ಕೂಡಲೇ ದಿನಾಂಕ ಹುಡುಕಬಾರದು. ಮೊದಲು ಅಂಚಿನ ಸುತ್ತ ಬೆರಳಾಡಿಸಬೇಕು. ಮುಚ್ಚಳವೂ ಮೈಯೂ ಕೂಡುವ ಆ ಮಡಿಕೆಯಲ್ಲಿ ಚೂಪಾದ ನೆಗ್ಗು ಸಿಕ್ಕಿದರೆ ಡಬ್ಬಿ ಕಸಕ್ಕೆ. ಮೈಮೇಲೆ ಬೆರಳು ಹೂತುಹೋಗುವಷ್ಟು ಆಳದ ನೆಗ್ಗಿದ್ದರೂ ಕಸಕ್ಕೆ. ಮುಚ್ಚಳ ಉಬ್ಬಿದ್ದರೆ ಎರಡನೇ ಮಾತೇ ಇಲ್ಲ. ಒಳಗೆ ಗಾಳಿ ಹುಟ್ಟಿದೆ ಎಂದರೆ ಯಾವುದೋ ಜೀವಾಣು ಬೆಳೆದಿದೆ, ಬಾಟುಲಿಸಮ್ ತರುವ ವಿಷವೂ ಹಾಗೇ ಹುಟ್ಟುವಂಥದ್ದು. ತುಕ್ಕು ಬಟ್ಟೆಯಲ್ಲಿ ಒರೆಸಿದರೆ ಹೋಗುವಷ್ಟಿದ್ದರೆ ಪರವಾಗಿಲ್ಲ, ಇಟ್ಟುಕೊಳ್ಳಬಹುದು. ಲೇಬಲ್ ಪೂರ್ತಿ ಹರಿದುಹೋಗಿ ಒಳಗೇನಿದೆ ಎಂದೇ ಗೊತ್ತಾಗದಿದ್ದರೆ ಬೇಡ, ತಿನ್ನುವವರಿಗೆ ಶೇಂಗಾ ಆಗದೆಯೂ ಇರಬಹುದು. ಇಷ್ಟೆಲ್ಲ ಆದ ಮೇಲೆ ದಿನಾಂಕದ ಸರದಿ. ಅದೂ ನಾವು ಅಂದುಕೊಂಡಷ್ಟು ಕಟ್ಟುನಿಟ್ಟಲ್ಲ.

ಅಮೆರಿಕದ ಯಾವ ಊರಿನ ಫುಡ್ ಬ್ಯಾಂಕಿಗೆ ಹೋದರೂ ವಿಂಗಡಣೆಯ ಮೇಜಿನ ಮುಂದೆ ಹೊಸಬರಿಗೆ ಕಲಿಸುವ ಮೊದಲ ಪಾಠ ಹೆಚ್ಚುಕಡಿಮೆ ಇದೇ. ಅಲ್ಲಿ ನೆಲೆಸಿದ ನಮ್ಮವರ ಮಕ್ಕಳು ಹೈಸ್ಕೂಲಿನ ಸೇವಾ ಗಂಟೆಗಳ ಲೆಕ್ಕ ತುಂಬಿಸಲು ಶನಿವಾರ ಬೆಳಗ್ಗೆ ಹೋಗಿ ನಿಲ್ಲುವುದೂ ಈ ಮೇಜಿನ ಮುಂದೆಯೇ. ಕೈಗವಸು ತೊಟ್ಟು, ಹಿಂದೆ ರಟ್ಟಿನ ಪೆಟ್ಟಿಗೆಗಳ ಗೋಡೆ ಇಟ್ಟುಕೊಂಡು ತೆಗೆದ ಫೋಟೊ ವಾಟ್ಸ್ಯಾಪಿನಲ್ಲಿ ಊರಿಗೂ ಬರುತ್ತದೆ. ಊರಿನಲ್ಲಿರುವ ಅಜ್ಜಿ ಕೇಳುವ ಪ್ರಶ್ನೆ ಒಂದೇ: ಅಷ್ಟು ದುಡ್ಡಿರುವ ದೇಶದಲ್ಲೂ ಹಸಿದವರಿದ್ದಾರೇನು?

ಇದ್ದಾರೆ. ಅಮೆರಿಕದ ಕೃಷಿ ಇಲಾಖೆಯೇ ವರ್ಷವರ್ಷವೂ ಹಾಕುತ್ತಿದ್ದ ಲೆಕ್ಕದ ಪ್ರಕಾರ, 2023ರಲ್ಲಿ ಅಲ್ಲಿನ ಶೇ. 13.5ರಷ್ಟು ಮನೆಗಳಿಗೆ ವರ್ಷದ ಯಾವುದಾದರೂ ಹೊತ್ತಿನಲ್ಲಿ ಊಟದ ಭರವಸೆ ಇರಲಿಲ್ಲ. ಆ ಮನೆಗಳಲ್ಲಿ ಇದ್ದವರು 4 ಕೋಟಿ 74 ಲಕ್ಷ ಜನ. ಇದು ಬರಗಾಲದ ಹಸಿವಲ್ಲ, ತಿಂಗಳ ಕೊನೆಯ ವಾರದ ಹಸಿವು. ಬಾಡಿಗೆ, ಔಷಧಿ, ಕಾರಿನ ಪೆಟ್ರೋಲು ಮೊದಲು ಕೈಚಾಚುತ್ತವೆ, ಉಳಿದದ್ದರಲ್ಲಿ ಊಟ ಆಗಬೇಕು. ತಾಯಿ ತನಗೆ ಹಸಿವಿಲ್ಲ ಎಂದು ಸುಳ್ಳು ಹೇಳಿ ಮಕ್ಕಳಿಗೆ ಬಡಿಸುವ ಆ ಹಸಿವು ನಮಗೂ ಹೊಸತಲ್ಲ.

ಫುಡ್ ಬ್ಯಾಂಕ್ ಎಂದೊಡನೆ ಕಣ್ಣಿಗೆ ಬರುವುದು ಜನರ ಸಾಲು, ತಟ್ಟೆ, ಸೌಟು. ನಿಜವಾದ ಫುಡ್ ಬ್ಯಾಂಕಿನಲ್ಲಿ ಇವು ಬಹುಮಟ್ಟಿಗೆ ಕಾಣಸಿಗುವುದಿಲ್ಲ. ಅದು ಸಗಟು ಮಳಿಗೆ. ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಗೋದಾಮು, ಲಾರಿ ಬಂದು ಹಿಮ್ಮುಖವಾಗಿ ನಿಲ್ಲುವ ಕಟ್ಟೆಗಳು, ಕೋಣೆಯಷ್ಟಲ್ಲ ಮನೆಯಷ್ಟೇ ದೊಡ್ಡ ಶೀತಲಗೃಹ, ಆಳೆತ್ತರದ ಹಲವು ಪಟ್ಟು ಮೇಲಕ್ಕೆ ಏರುವ ಕಬ್ಬಿಣದ ಅಟ್ಟಣಿಗೆ, ನಡುವೆ ಓಡಾಡುವ ಫೋರ್ಕ್‌ಲಿಫ್ಟು. ಇಲ್ಲಿಂದ ಆಹಾರ ಹೋಗುವುದು ಚರ್ಚುಗಳ ನೆಲಮಾಳಿಗೆಗೆ, ಗುರುದ್ವಾರಕ್ಕೆ, ಶಾಲೆಗೆ, ವೃದ್ಧರ ಕೇಂದ್ರಕ್ಕೆ, ಗಂಜಿಕೇಂದ್ರಕ್ಕೆ. ಅಲ್ಲಿಂದ ಮನೆಗಳಿಗೆ. ದೇಶದಲ್ಲಿ ಇಂಥ ಸುಮಾರು 200 ಪ್ರಾದೇಶಿಕ ಫುಡ್ ಬ್ಯಾಂಕುಗಳು ಫೀಡಿಂಗ್ ಅಮೆರಿಕ ಎಂಬ ಒಕ್ಕೂಟದಲ್ಲಿವೆ, ಅವುಗಳ ಕೆಳಗೆ ಸುಮಾರು 60,000 ಹಂಚುವ ಕೇಂದ್ರಗಳು. ಒಂದೊಂದು ಬ್ಯಾಂಕಿಗೂ ಇಂತಿಷ್ಟು ಜಿಲ್ಲೆ ಎಂದು ಗಡಿ ಗೊತ್ತುಮಾಡಿರುತ್ತದೆ.

ಮೊದಲನೆಯದು ಹುಟ್ಟಿದ್ದು 1967ರಲ್ಲಿ, ಅರಿಝೋನದ ಮರಳುಗಾಡಿನ ಊರು ಫೀನಿಕ್ಸಿನಲ್ಲಿ. ಹುಟ್ಟಿಸಿದವರು ಜಾನ್ ವ್ಯಾನ್ ಹೆಂಗೆಲ್. ಜಾಹೀರಾತು, ಮಾರಾಟ ಎಂದು ಹಲವು ಕೆಲಸ ಮಾಡಿ, ಸಂಸಾರ ಮುರಿದು, ಕಲ್ಲುಗಣಿಯಲ್ಲಿ ದುಡಿದು, ಮೈಗೆ ಪೆಟ್ಟಾಗಿ, ಬೆಚ್ಚಗಿನ ಊರಿಗೆ ಹೋಗಿ ಎಂದು ವೈದ್ಯರು ಹೇಳಿದ ಮೇಲೆ ಅಲ್ಲಿಗೆ ಬಂದಿದ್ದ ಮನುಷ್ಯ. ಗಂಜಿಕೇಂದ್ರವೊಂದರಲ್ಲಿ ಕೈಜೋಡಿಸಿದ್ದರು. ಊರಿನ ಮನೆಗಳ ಹಿತ್ತಿಲಲ್ಲಿ ಕೀಳುವವರಿಲ್ಲದೆ ಉದುರಿ ಕೊಳೆಯುತ್ತಿದ್ದ ಕಿತ್ತಳೆ, ಗ್ರೇಪ್‌ಫ್ರೂಟುಗಳನ್ನು ಕೇಳಿ ಕೊಯ್ದು, ಹಳೆಯ ಹಾಲಿನ ಗಾಡಿಯೊಂದರಲ್ಲಿ ತುಂಬಿ ಊರೆಲ್ಲ ಹಂಚತೊಡಗಿದ್ದರು. ಆಗ ಒಬ್ಬ ತಾಯಿಯ ಪರಿಚಯವಾಯಿತು. ಹತ್ತು ಮಕ್ಕಳು, ಗಂಡ ಮರಣದಂಡನೆಯ ಕೈದಿ. ದಿನಸಿ ಅಂಗಡಿಗಳ ಹಿಂದಿನ ಕಸದ ತೊಟ್ಟಿಯಿಂದ ಆಯ್ದು ತಂದ ಆಹಾರದಲ್ಲೇ ಆಕೆ ಮನೆ ನಡೆಸುತ್ತಿದ್ದಳು. ಅಂಗಡಿಯವರು ಎಸೆಯುವುದರಲ್ಲಿ ಚೆನ್ನಾಗಿರುವುದೇ ಬೇಕಾದಷ್ಟು ಇರುತ್ತದೆ, ಎಸೆಯುವ ಬದಲು ತಂದು ಜಮೆ ಮಾಡಲು, ಬೇಕಾದವರು ಹೋಗಿ ತೆಗೆದುಕೊಳ್ಳಲು ಒಂದು ಬ್ಯಾಂಕು ಇರಬಾರದೇಕೆ ಎಂದು ಕೇಳಿದವಳು ಆಕೆಯೇ ಎಂದು ವ್ಯಾನ್ ಹೆಂಗೆಲ್ ಕೊನೆಯವರೆಗೂ ಹೇಳುತ್ತಿದ್ದರು. ಸೇಂಟ್ ಮೇರಿಸ್ ಚರ್ಚು ಒಂದು ಪಾಳುಬಿದ್ದ ಬೇಕರಿ ಕಟ್ಟಡವನ್ನೂ 3,000 ಡಾಲರನ್ನೂ ಕೊಟ್ಟಿತು. ಮೊದಲ ವರ್ಷ ಹಂಚಿದ್ದು 2 ಲಕ್ಷ 75 ಸಾವಿರ ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂಕಾಲು ಲಕ್ಷ ಕೆ.ಜಿ. ಸೇಂಟ್ ಮೇರಿಸ್ ಫುಡ್ ಬ್ಯಾಂಕ್ ಈಗಲೂ ಅದೇ ಊರಿನಲ್ಲಿ ನಡೆಯುತ್ತಿದೆ, ಹಿತ್ತಿಲಿನ ಕಿತ್ತಳೆಯನ್ನೂ ಬಿಟ್ಟಿಲ್ಲ.

ಆ ತಾಯಿಯ ಮಾತಿನಲ್ಲಿ ಕರುಣೆಗಿಂತ ಹೆಚ್ಚು ಇರುವುದು ಕಸುಬುದಾರಿಕೆ ಎಂದು ನನಗೆ ಅನ್ನಿಸುತ್ತದೆ. ಕಸದ ತೊಟ್ಟಿಯ ಮುಂದೆ ನಿಂತವಳಿಗೆ ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು, ಯಾವ ಅಂಗಡಿ ಯಾವ ದಿನ ಏನು ಎಸೆಯುತ್ತದೆ ಎಂಬುದೆಲ್ಲ ಗೊತ್ತಿತ್ತು. ಸಿಕ್ಕಿದ್ದನ್ನೆಲ್ಲ ಅವಳು ಹೊತ್ತು ತರುತ್ತಿರಲಿಲ್ಲ, ಆರಿಸುತ್ತಿದ್ದಳು. ಮುಂದಿನ ಐವತ್ತು ಅರವತ್ತು ವರ್ಷಗಳಲ್ಲಿ ಫುಡ್ ಬ್ಯಾಂಕುಗಳು ಕಲಿತ ಒಳ್ಳೆಯ ವಿದ್ಯೆಯೆಲ್ಲ ಈ ಆರಿಸುವ ಕೆಲಸಕ್ಕೇ ಸೇರಿದ್ದು. ಕೊಡುವವರು ಎಲ್ಲ ಕಾಲಕ್ಕೂ ಸಿಗುತ್ತಾರೆ. ತೆಗೆದುಕೊಳ್ಳುವವರ ಬಾಯಲ್ಲಿ ‘ಇದು ಬೇಕು, ಅದು ಬೇಡ’ ಎಂಬ ಮಾತು ಬರುವಂತೆ ಮಾಡುವುದು ಕಷ್ಟ.

ಆಹಾರ ಬರುವ ದಾರಿ ನಾಲ್ಕಾರು. ಬೆಳಗಿನ ಹೊತ್ತು ಸೂಪರ್ ಮಾರ್ಕೆಟ್ಟುಗಳ ಹಿಂಬಾಗಿಲಿಗೆ ಹೋಗುವ ಶೀತಲ ಲಾರಿಗಳದ್ದು ಒಂದು ದಾರಿ. ಮಾಂಸ ಮಾರಾಟದ ಕೊನೆಯ ದಿನ ಮುಟ್ಟುವ ಹೊತ್ತಿಗೆ ಅಂಗಡಿಯವರೇ ಅದನ್ನು ಫ್ರೀಜರಿಗೆ ಹಾಕಿ ಗಟ್ಟಿಮಾಡಿಡುತ್ತಾರೆ, ಚಾಲಕ ಅದನ್ನು ಎತ್ತಿಕೊಳ್ಳುವ ಮುಂಚೆ ಉಷ್ಣಮಾಪಕ ಹಿಡಿದು ನೋಡುತ್ತಾನೆ. ಹಾಲು, ಮೊಸರಿನಂಥವು 5 ಡಿಗ್ರಿ ಸೆಲ್ಸಿಯಸ್ ದಾಟಿರಬಾರದು. ದಾಟಿ ಹೊತ್ತಾಗಿದ್ದರೆ ಅಂಗಡಿಯವರು ಎಷ್ಟೇ ಒಳ್ಳೆಯವರಾಗಿದ್ದರೂ ಅಲ್ಲೇ ಬಿಟ್ಟು ಬರಬೇಕು. ಇನ್ನೊಂದು ದಾರಿ ಕಾರ್ಖಾನೆಗಳದ್ದು. ಹಬ್ಬ ಮುಗಿದ ಮೇಲೆ ಹಬ್ಬದ ಹೊದಿಕೆ ಸುತ್ತಿದ ಬಿಸ್ಕತ್ತು, ಲೇಬಲ್ಲಿನಲ್ಲಿ ಅಕ್ಷರ ತಪ್ಪಿದ ಸಾಸು, ನಿಂತುಹೋದ ಬ್ರ್ಯಾಂಡಿನ ಉಪಾಹಾರದ ಪೊಟ್ಟಣ ಲಾರಿಗಟ್ಟಲೆ ಬರುತ್ತವೆ. ಮೂರನೆಯದು ಹೊಲ, ತೋಟ: ಅಂಗಡಿಯ ಅಳತೆಗೆ ದೊಡ್ಡದಾದ ಇಲ್ಲವೇ ಸೊಟ್ಟಗಾದ ತರಕಾರಿ. ಸರ್ಕಾರ ರೈತರಿಂದ ಕೊಂಡು ಕಳಿಸುವ ಕಾಳು, ಹಾಲಿನ ಪದಾರ್ಥ, ಮಾಂಸದ ಡಬ್ಬಿಗಳೂ ಉಂಟು. 1980ರ ದಶಕದ ಆರಂಭದಲ್ಲಿ ರೇಗನ್ ಸರ್ಕಾರದ ಗೋದಾಮುಗಳಲ್ಲಿ ಬೆಟ್ಟದಷ್ಟು ಚೀಸು ಬಿದ್ದುಕೊಂಡು ಬೂಸ್ಟು ಹಿಡಿಯತೊಡಗಿದಾಗ ಅದನ್ನು ಬಡವರಿಗೆ ಹಂಚಲು ಶುರುಮಾಡಿದ ಯೋಜನೆ ಇದು. ಆಗ ಅದರ ಹೆಸರಿನಲ್ಲಿ ‘ತಾತ್ಕಾಲಿಕ’ ಎಂಬ ಪದವಿತ್ತು. 1990ರಲ್ಲಿ ಆ ಪದ ತೆಗೆದರು, ಯೋಜನೆ ಇವತ್ತಿಗೂ ಉಂಟು.

ಕಂಪನಿಗಳು ಕೊಡುವುದಕ್ಕೆ ಕಾರಣ ಬರೀ ಧರ್ಮವಲ್ಲ. ಎಸೆಯುವುದಕ್ಕೂ ಅಲ್ಲಿ ಕಾಸು ಬಿಚ್ಚಬೇಕು, ಕೊಟ್ಟರೆ ತೆರಿಗೆಯಲ್ಲಿ ಕಡಿತ ಸಿಗುತ್ತದೆ. 1976ರ ತೆರಿಗೆ ಸುಧಾರಣೆ ಈ ಕಡಿತವನ್ನು ಲಾಭದ್ದಾಗಿ ಮಾಡಿದ ಮೇಲೆ ಲಾರಿಗಳು ಹೆಚ್ಚಾದವು. ತಿಂದವರಿಗೆ ಏನಾದರೂ ಆದರೆ ಕೋರ್ಟಿಗೆ ಎಳೆದಾರು ಎಂಬ ಭಯವನ್ನು 1996ರ ಗುಡ್ ಸಮ್ಯಾರಿಟನ್ ಕಾಯ್ದೆ ತೆಗೆದುಹಾಕಿತು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಆಹಾರಕ್ಕಾಗಿ, ಘೋರ ನಿರ್ಲಕ್ಷ್ಯ ಇದ್ದರೆ ಹೊರತು, ಕೊಟ್ಟವನ ಮೇಲೆ ದಾವೆ ನಿಲ್ಲದು. ಮನಸ್ಸಿನ ಒಳ್ಳೆಯತನಕ್ಕೆ ಸರಿಯಾದ ಲೆಕ್ಕಪತ್ರ ಜೊತೆಯಾದರೆ ಎಷ್ಟು ಕೆಲಸವಾಗುತ್ತದೆ ನೋಡಿ!

ದಿನಾಂಕದ ಮಾತಿಗೆ ಮತ್ತೆ ಬರಬೇಕು. ಡಬ್ಬಿಯ ಮೇಲಿನ ‘ಬೆಸ್ಟ್ ಬೈ’ ಎಂಬುದು ಸುರಕ್ಷತೆಯ ಗಡುವಲ್ಲ, ರುಚಿ ಚೆನ್ನಾಗಿರುತ್ತದೆ ಎಂದು ತಯಾರಿಸಿದವರು ಕೊಡುವ ಭರವಸೆ. ಅಮೆರಿಕದ ಕೇಂದ್ರ ಕಾನೂನು ದಿನಾಂಕವನ್ನು ಕಡ್ಡಾಯ ಮಾಡಿರುವುದು ಹಸುಳೆಗಳ ಹಾಲಿನಪುಡಿಗೆ ಮಾತ್ರ. ಅದರ ದಿನಾಂಕ ಒಂದು ದಿನ ದಾಟಿದರೂ ಫುಡ್ ಬ್ಯಾಂಕು ಮುಟ್ಟುವುದಿಲ್ಲ. ಹುಳಿಯಿರುವ ಟೊಮೆಟೊ ಡಬ್ಬಿ ಒಂದು ಒಂದೂವರೆ ವರ್ಷ, ಹುಳಿಯಿಲ್ಲದ ಕಾಳು, ಜೋಳದ ಡಬ್ಬಿ ಎರಡರಿಂದ ಐದು ವರ್ಷ ರುಚಿಗೆಡದೆ ಇರುತ್ತವೆ ಎಂದು ಕೃಷಿ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ಇದು ಗೊತ್ತಿಲ್ಲದ ಹೊಸಬರು ಮೊದಲ ಅರ್ಧಗಂಟೆಯಲ್ಲಿ ಒಳ್ಳೆಯ ಡಬ್ಬಿಗಳನ್ನೇ ಎಸೆದುಬಿಡುತ್ತಾರೆ. ಅವರನ್ನು ತಡೆಯುವ ಮೇಲ್ವಿಚಾರಕಿ ಇನ್ನೊಂದು ಕಡೆ ತೀರ ಕಟುವಾಗಿಯೂ ಇರಬೇಕಾಗುತ್ತದೆ. ಬಡವರಿಗೆ ಇಷ್ಟು ಸಾಕು ಎಂದು ಯಾರೋ ತಂದಿಟ್ಟ ಅರ್ಧ ಖಾಲಿಯಾದ ಎಣ್ಣೆ ಬಾಟಲಿ ನೇರ ತಿಪ್ಪೆಗೆ ಹೋಗಬೇಕು.

ವಿಂಗಡಿಸಿದ ಮೇಲೆ ತೂಕ. ಫುಡ್ ಬ್ಯಾಂಕಿನಲ್ಲಿ ಒಳಗೆ ಬಂದದ್ದೂ ಹೊರಗೆ ಹೋದದ್ದೂ ಎಲ್ಲ ಪೌಂಡಿನ ಲೆಕ್ಕ, 1.2 ಪೌಂಡು ಎಂದರೆ ಒಂದು ಊಟ. ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು. ದೇಣಿಗೆ ಕೇಳುವ ಪತ್ರದಲ್ಲಿ ‘ಇಷ್ಟು ಲಕ್ಷ ಊಟ’ ಎಂದು ಬರೆಯುವುದು ಈ ಭಾಗಾಕಾರದಿಂದಲೇ. ಲೆಕ್ಕಕ್ಕೆ ಇದು ಸರಿ. ಆದರೆ ತೂಕದ ಮೇಲೆ ಅತಿಯಾಗಿ ನಂಬಿಕೆ ಇಟ್ಟದ್ದೇ ಈ ಸಂಸ್ಥೆಗಳನ್ನು ಬಹಳ ಕಾಲ ಕಾಡಿದ ರೋಗ. ಅದರಿಂದ ಹೊರಬಂದ ಕತೆಯೇ ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗದ್ದು.

ದೊಡ್ಡ ಕಂಪನಿಗಳು ಕೊಡುವ ಲಾರಿಗಟ್ಟಲೆ ಸರಕು ಯಾವ ಊರಿನ ಬ್ಯಾಂಕಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಷಿಕಾಗೊದಲ್ಲಿರುವ ಒಕ್ಕೂಟದ ಕಚೇರಿ. 2005ರವರೆಗೆ ಅಲ್ಲಿ ಸರದಿಯ ಪದ್ಧತಿ ಇತ್ತು. ಬಡವರ ಸಂಖ್ಯೆಗೆ ಹೋಲಿಸಿದರೆ ಯಾರಿಗೆ ಕಡಿಮೆ ಪೌಂಡು ಸಿಕ್ಕಿದೆಯೋ ಅವರು ಸಾಲಿನಲ್ಲಿ ಮುಂದೆ. ಲಾರಿ ಬಂದಾಗ ಸಾಲಿನ ತಲೆಯಲ್ಲಿದ್ದವರಿಗೆ ಫೋನು: ‘ನಿಮಗೊಂದು ಲೋಡು ಇದೆ, ಬೇಕೇ? ಕೆಲವು ಗಂಟೆಯೊಳಗೆ ಹೇಳಿ, ಸಾಗಾಟದ ಖರ್ಚು ನಿಮ್ಮದು.’ ನೋಡಲು ತೀರ ನ್ಯಾಯವಾದ ವ್ಯವಸ್ಥೆ. ಆದರೆ ಶೇಂಗಾ ಬೆಣ್ಣೆಯ ಒಂದು ಪೌಂಡೂ ಆಲೂಗಡ್ಡೆಯ ಒಂದು ಪೌಂಡೂ ಅದರ ಕಣ್ಣಿಗೆ ಒಂದೇ. ಪ್ರತಿ ಬ್ಯಾಂಕಿಗೂ ಬರುವ ಆಹಾರದಲ್ಲಿ ಬಹುಪಾಲು ಸ್ಥಳೀಯವಾಗಿ ಸಿಗುವಂಥದ್ದು, ಅದರ ಸುದ್ದಿ ಷಿಕಾಗೊ ಕಚೇರಿಗೆ ಇರಲಿಲ್ಲ. ಆಲೂಗಡ್ಡೆ ಬೆಳೆದು ಬೆಳೆದು ಹೆಸರಾದ ಐಡಾಹೊ ರಾಜ್ಯಕ್ಕೆ ಸರದಿ ಬಂತೆಂದು ಆಲೂಗಡ್ಡೆಯ ಲಾರಿ ತೋರಿಸಿದ ಪ್ರಸಂಗವನ್ನು ಆ ವಲಯದವರು ಇವತ್ತಿಗೂ ನಗುತ್ತ ಹೇಳುತ್ತಾರೆ.

ಒಕ್ಕೂಟ ಷಿಕಾಗೊ ವಿಶ್ವವಿದ್ಯಾಲಯದ ಬಿಸಿನೆಸ್ ಶಾಲೆಯ ಪ್ರಾಧ್ಯಾಪಕರನ್ನು ಸಲಹೆಗೆ ಕರೆಯಿತು. ಅವರಲ್ಲಿ ಕ್ಯಾನಿಸ್ ಪ್ರೆಂಡರ್‌ಗಾಸ್ಟ್ ಎಂಬ ಅರ್ಥಶಾಸ್ತ್ರಜ್ಞರೂ ಇದ್ದರು, ಆಮೇಲೆ ಈ ಪ್ರಯೋಗದ ಬಗ್ಗೆ ವಿವರವಾಗಿ ಬರೆದವರು ಅವರೇ. ಹಲವು ಫುಡ್ ಬ್ಯಾಂಕುಗಳ ನಿರ್ದೇಶಕರೂ ಸಮಿತಿಯಲ್ಲಿ ಕೂತರು. ಪ್ರಾಧ್ಯಾಪಕರು ಹರಾಜಿನ ಮಾತೆತ್ತಿದಾಗ ಮಿಷಿಗನ್ನಿನ ನಿರ್ದೇಶಕ ಜಾನ್ ಆರ್ನಲ್ಡ್ ಸಿಡಿದೆದ್ದರು. ನಾನು ಸಮಾಜವಾದಿ, ಅದಕ್ಕೇ ಈ ಕೆಲಸದಲ್ಲಿದ್ದೇನೆ, ಮಾರುಕಟ್ಟೆಯಲ್ಲಿ ನನಗೆ ನಂಬಿಕೆಯಿಲ್ಲ, ನಿಮ್ಮ ಮಾತು ಕೇಳುತ್ತೇನೆ ಆದರೆ ಒಪ್ಪುವುದಿಲ್ಲ ಎಂಬುದು ಅವರ ನಿಲುವು. ಆತಂಕ ಸಹಜವೇ. ಹರಾಜೆಂದರೆ ದುಡ್ಡಿದ್ದವನು ಗೆಲ್ಲುವ ಆಟ. ಹಸಿದ ಊರಿಗೆ ದುಡ್ಡು ಎಲ್ಲಿಂದ?

ಪರಿಹಾರ ಹೀಗಿತ್ತು. ಹರಾಜಿನಲ್ಲಿ ಡಾಲರ್ ನಡೆಯುವುದಿಲ್ಲ. ಅದಕ್ಕೆಂದೇ ‘ಶೇರು’ ಎಂಬ ಹೊಸ ನಾಣ್ಯ, ಕಂಪ್ಯೂಟರಿನ ಒಳಗಷ್ಟೇ ಇರುವಂಥದ್ದು. ಯಾವ ಪ್ರದೇಶದಲ್ಲಿ ಬಡವರು ಹೆಚ್ಚೋ ಆ ಬ್ಯಾಂಕಿಗೆ ಹೆಚ್ಚು ಶೇರು. ಪ್ರತಿದಿನ ಎರಡು ಸಲ ಲಾರಿಗಳ ಪಟ್ಟಿ ಹರಾಜಿಗೆ. ಬೇಕಾದವರು ಬೇಕಾದ ಲಾರಿಗೆ ಮುಚ್ಚಿದ ಬಿಡ್ ಹಾಕಬೇಕು, ಹೆಚ್ಚು ಕೂಗಿದವರಿಗೆ ಲಾರಿ. ಗೆದ್ದವರು ತೆತ್ತ ಶೇರುಗಳೆಲ್ಲ ಆ ರಾತ್ರಿಯೇ ಮತ್ತೆ ಎಲ್ಲ ಬ್ಯಾಂಕುಗಳಿಗೂ ಅವರವರ ಅಗತ್ಯದ ಪ್ರಮಾಣದಲ್ಲಿ ಹಂಚಿಹೋಗುತ್ತವೆ. ಚೀಟಿ ಕಟ್ಟಿದ ಅಭ್ಯಾಸವಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಜರೂರಿದ್ದವರು ಹೆಚ್ಚು ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೆ, ಬಿಟ್ಟುಕೊಟ್ಟದ್ದು ಉಳಿದ ಸದಸ್ಯರ ಪಾಲಾಗುತ್ತದೆ, ಇವತ್ತು ಸುಮ್ಮನಿದ್ದವರ ಕೈ ನಾಳೆಗೆ ಬಲವಾಗುತ್ತದೆ. ಸಣ್ಣ ಬ್ಯಾಂಕುಗಳಿಗೆ ಬಡ್ಡಿಯಿಲ್ಲದ ಸಾಲ ಉಂಟು. ಇಬ್ಬರು ಸೇರಿ ಒಂದು ಲಾರಿ ಕೂಗಬಹುದು. ತಮ್ಮಲ್ಲಿ ಹೆಚ್ಚಾದ ಸರಕನ್ನು ಬೇರೆ ಬ್ಯಾಂಕಿಗೆ ಮಾರಿ ಶೇರು ಗಳಿಸಬಹುದು. ಬೆಲೆ ಸೊನ್ನೆಗಿಂತ ಕೆಳಗೂ ಇಳಿಯಬಹುದು, ಅಂದರೆ ಯಾರಿಗೂ ಬೇಡವಾದ ಲಾರಿಯನ್ನು ಎತ್ತಿಕೊಂಡು ಹೋದವರಿಗೆ ಒಕ್ಕೂಟವೇ ಶೇರು ಕೊಡುತ್ತದೆ. ದಾನಿ ಕಂಪನಿಯ ಗೋದಾಮು ಖಾಲಿಯಾಗಬೇಕಲ್ಲ, ಈ ಸಲ ತಡವಾದರೆ ಮುಂದಿನ ಸಲ ಅವರು ಫೋನು ಮಾಡುವುದಿಲ್ಲ.

2005ರ ಜುಲೈಯಲ್ಲಿ ಇದು ಶುರುವಾಯಿತು. ಬೆಲೆಗಳು ಏನು ಹೇಳಿದವು ಎಂಬುದೇ ಒಂದು ಪಾಠ. ಬಹುಕಾಲ ಕೆಡದೆ ಉಳಿಯುವ, ಮಕ್ಕಳು ತಿನ್ನುವ ಶೇಂಗಾ ಬೆಣ್ಣೆ, ಪಾಸ್ತಾ, ಉಪಾಹಾರದ ಸೀರಿಯಲ್‌ಗಳಿಗೆ ಬಿಡ್ ಮೇಲೇರಿತು. ಹಣ್ಣು ತರಕಾರಿ ಹಲವೆಡೆ ಸ್ಥಳೀಯವಾಗಿಯೇ ಸಿಗುವುದರಿಂದಲೂ ಬೇಗ ಕೆಡುವುದರಿಂದಲೂ ಅಗ್ಗವಾಯಿತು. ಒಂದೇ ತೂಕದ ಎರಡು ಲಾರಿಗಳ ನಡುವೆ ಹತ್ತಾರು ಪಟ್ಟು ಅಂತರ. ಹಳೆಯ ಪದ್ಧತಿ ಇವೆರಡನ್ನೂ ಸಮ ಎಂದು ತೂಗಿತ್ತು! ಸ್ಥಳೀಯ ದಾನಿಗಳು ಹೆಚ್ಚಿರುವ ಶ್ರೀಮಂತ ನಗರದ ಬ್ಯಾಂಕು ತನ್ನ ಶೇರುಗಳನ್ನು ಕೂಡಿಟ್ಟು ದುಬಾರಿ ಸರಕಿನ ಒಂದು ಲಾರಿ ಕೊಂಡಿತು. ದಾನಿಗಳೇ ಇಲ್ಲದ ಬಡ ಪ್ರದೇಶದ ಬ್ಯಾಂಕು ಅದೇ ಶೇರಿನಲ್ಲಿ ಅಗ್ಗದ ಹಲವು ಲಾರಿ ತರಿಸಿಕೊಂಡಿತು. ಇಬ್ಬರಿಗೂ ತಮಗೆ ಬೇಕಾದದ್ದೇ ಸಿಕ್ಕಿತು, ಒಬ್ಬರ ಕಿಸೆಗೆ ಕೈಹಾಕಿ ಇನ್ನೊಬ್ಬರಿಗೆ ಕೊಟ್ಟಂತಾಗಲಿಲ್ಲ. ಆರ್ನಲ್ಡ್ ಕೂಡ ಕೊನೆಗೆ ಇದನ್ನು ಮೆಚ್ಚಿಕೊಂಡರು.

ಆರ್ನಲ್ಡ್ ಅವರದ್ದೇ ಇನ್ನೊಂದು ಹಟ ಇಲ್ಲಿ ಹೇಳಬೇಕು. ಕೇಂದ್ರಗಳಲ್ಲಿ ಮೊದಲೇ ಕಟ್ಟಿಟ್ಟ ಚೀಲವನ್ನು ಜನರ ಕೈಗೆ ತುರುಕುವುದು ತಪ್ಪು, ಅದರಲ್ಲಿ ಗಣನೀಯ ಪಾಲು ಮನೆಯಲ್ಲಿ ಯಾರೂ ತಿನ್ನದೆ ಹಾಳಾಗುತ್ತದೆ, ಜನ ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳಲಿ ಎಂದು ಅವರು ವರ್ಷಗಟ್ಟಲೆ ವಾದಿಸಿದರು. ಮನೆಗಳಿಗೆ ಆಯ್ಕೆ ಬೇಕೆಂದು ಬಡಿದಾಡಿದ ಮನುಷ್ಯನಿಗೆ ಬ್ಯಾಂಕುಗಳಿಗೂ ಆಯ್ಕೆ ಬೇಕೆಂದಾಗ ಭಯವಾದದ್ದು ತಮಾಷೆಯ ಸಂಗತಿ, ಎರಡೂ ಒಂದೇ ಮಾತಿನ ಎರಡು ತುದಿ. ಈಗ ಬಹಳಷ್ಟು ಕೇಂದ್ರಗಳು ಪುಟ್ಟ ದಿನಸಿ ಅಂಗಡಿಯ ಹಾಗೆಯೇ ಇವೆ. ತಳ್ಳುಗಾಡಿ ಹಿಡಿದು ಒಳಗೆ ಹೋಗಿ ಕಪಾಟಿನಿಂದ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಸಿಹಿ ಹಣ್ಣಿನ ಡಬ್ಬಿ ಬಿಡುತ್ತಾರೆ, ಕಾರಿನಲ್ಲೇ ಮಲಗುವವರು ಬೇಯಿಸಬೇಕಾದ ಬೇಳೆ ಬಿಡುತ್ತಾರೆ. ದನದ ಮಾಂಸ ಇನ್ನೊಬ್ಬರಿಗೆ ಬೇಡ, ಹಂದಿ ಮತ್ತೊಬ್ಬರಿಗೆ ಬೇಡ. ಸುಮ್ಮನೆ ಅವನ್ನು ಕಪಾಟಿನಲ್ಲೇ ಬಿಟ್ಟು ಮುಂದೆ ಹೋಗಬಹುದು, ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಶಾಲಾಮಕ್ಕಳ ಚೀಲದ ಯೋಜನೆಯಲ್ಲಿ ಈ ಸೂಕ್ಷ್ಮ ಇನ್ನೊಂದು ರೂಪದಲ್ಲಿದೆ. 1990ರ ದಶಕದಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಶಾಲೆಯ ನರ್ಸೊಬ್ಬರು ಹೊಟ್ಟೆನೋವು, ತಲೆಸುತ್ತು ಎಂದು ಬರುವ ಮಕ್ಕಳಿಗೆ ಆಗಿರುವುದು ಬರೀ ಹಸಿವು ಎಂದು ಕಂಡುಕೊಂಡು ಅಲ್ಲಿನ ಫುಡ್ ಬ್ಯಾಂಕಿನ ನೆರವು ಕೇಳಿದರು. ಶಾಲೆ ಇರುವ ದಿನ ಉಚಿತ ಊಟವಿರುತ್ತದೆ, ಶನಿವಾರ ಭಾನುವಾರ ಇಲ್ಲ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಬೆನ್ನುಚೀಲದಲ್ಲಿ ಎರಡು ದಿನದ ಆಹಾರ ಹಾಕಿ ಕಳಿಸುವುದು. ಏನು ಹಾಕಬೇಕು ಎಂಬುದರಲ್ಲೇ ಇದೆ ಜಾಣತನ. ಒಲೆ ಹಚ್ಚದೆ, ಡಬ್ಬಿ ಕೊರೆಯುವ ಸಾಧನವಿಲ್ಲದೆ ಏಳು ವರ್ಷದ ಮಗು ತಾನೇ ಬಿಚ್ಚಿ ತಿನ್ನುವಂತಿರಬೇಕು, ಬಸ್ಸಿನಲ್ಲಿ ಹೊರಲು ಭಾರವಾಗಬಾರದು. ಬಾಕಿ ಮಕ್ಕಳಿಗೆ ಗೊತ್ತಾಗದಂತೆ ಚೀಲ ಮಾಮೂಲಿ ಶಾಲೆಯ ಚೀಲದ ಹಾಗೆಯೇ ಇರಬೇಕು.

ಕಸುಬಿನ ಇನ್ನೊಂದು ಮುಖ ಸಾಲು. ನ್ಯೂಯಾರ್ಕಿನ ಫುಡ್ ಬ್ಯಾಂಕಿಗೆ ಟೊಯೊಟಾ ಕಂಪನಿ ದುಡ್ಡಿನ ಬದಲು ತನ್ನ ಎಂಜಿನಿಯರುಗಳನ್ನು ಕೊಡಲು ಮುಂದಾಯಿತು. ದುಡ್ಡು ಬರುವ ಜಾಗದಲ್ಲಿ ಸಲಹೆ ಬಂದರೆ ಯಾರಿಗೆ ತಾನೇ ಖುಷಿ? ಹಾರ್ಲೆಮ್ಮಿನ ಗಂಜಿಕೇಂದ್ರದಲ್ಲಿ ಊಟಕ್ಕೆ ಒಂದೂವರೆ ಗಂಟೆಯವರೆಗೂ ಜನ ಬೀದಿಯಲ್ಲಿ ಕಾಯುತ್ತಿದ್ದರು. ಎಂಜಿನಿಯರುಗಳು ನಿಂತು ನೋಡಿದರು. ಹತ್ತು ಕುರ್ಚಿ ಖಾಲಿಯಾಗುವವರೆಗೆ ಕಾದು, ಹತ್ತು ಹತ್ತು ಜನರನ್ನೇ ಒಳಗೆ ಬಿಡುತ್ತಿದ್ದರು. ಅದನ್ನು ನಿಲ್ಲಿಸಿ, ಒಂದು ಕುರ್ಚಿ ಖಾಲಿಯಾದರೆ ಒಬ್ಬರನ್ನು ಬಿಡುವಂತೆ ಮಾಡಿದರು. ಕಾಯುವ ಸಾಲನ್ನು ಕಟ್ಟಡದ ಒಳಗೆ, ತಟ್ಟೆ ಕೊಡುವ ಜಾಗದ ಹತ್ತಿರ ತಂದರು. ಖಾಲಿ ಕುರ್ಚಿ ಎಲ್ಲಿದೆ ಎಂದು ನೋಡುವುದಕ್ಕೇ ಒಬ್ಬರನ್ನು ನಿಲ್ಲಿಸಿದರು. ಕಾಯುವ ಹೊತ್ತು 18 ನಿಮಿಷಕ್ಕೆ ಇಳಿಯಿತು. ಸ್ಯಾಂಡಿ ಚಂಡಮಾರುತದ ಸಂತ್ರಸ್ತರಿಗೆ ಬ್ರೂಕ್ಲಿನ್ನಿನ ಗೋದಾಮಿನಲ್ಲಿ ಪೆಟ್ಟಿಗೆ ತುಂಬುತ್ತಿದ್ದ ಸ್ವಯಂಸೇವಕರಿಗೆ ಒಂದು ಪೆಟ್ಟಿಗೆಗೆ 3 ನಿಮಿಷ ಹಿಡಿಯುತ್ತಿತ್ತು, ಕೆಲಸದ ಕ್ರಮ ಬದಲಿಸಿದ ಮೇಲೆ 11 ಸೆಕೆಂಡು. ಹಸಿದವರನ್ನು ಕಾಯಿಸುವುದು ಅನಿವಾರ್ಯ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು, ಅಷ್ಟೇ.

ಇಷ್ಟೆಲ್ಲ ಕಲಿತಿದ್ದಕ್ಕೆ ನಿಜವಾದ ಪರೀಕ್ಷೆ ಬಂದದ್ದು ಕೋವಿಡ್ ಕಾಲದಲ್ಲಿ. 2020ರ ಏಪ್ರಿಲ್‌ನಲ್ಲಿ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊ ಫುಡ್ ಬ್ಯಾಂಕು ಸಂತೆಮಾಳವೊಂದರ ವಾಹನ ನಿಲ್ದಾಣದಲ್ಲಿ ಒಂದೇ ದಿನ ಸುಮಾರು 10,000 ಕುಟುಂಬಗಳಿಗೆ ಆಹಾರ ತುಂಬಿಕೊಟ್ಟಿತು. ಮೇಲಿನಿಂದ ತೆಗೆದ ಆ ಕಾರುಗಳ ಸಾಲಿನ ಚಿತ್ರ ಜಗತ್ತೆಲ್ಲ ಸುತ್ತಿತು. ಆ ಸಾಲಿನಲ್ಲಿ ಹಿಂದಿನ ತಿಂಗಳವರೆಗೆ ಸಂಬಳ ಎಣಿಸುತ್ತಿದ್ದವರು ಬಹಳ ಮಂದಿ ಇದ್ದರು. ಆಗ ಸ್ವಯಂಸೇವಕರು ಕಡಿಮೆ, ಅಂಗಡಿಗಳಲ್ಲೇ ಸರಕಿಲ್ಲದೆ ದಾನದ ಲಾರಿಗಳೂ ಕಡಿಮೆ. ಆಯ್ಕೆಯ ಮಾತು ಬಿಟ್ಟು ಮತ್ತೆ ಕಟ್ಟಿಟ್ಟ ಪೆಟ್ಟಿಗೆಗೇ ಬರಬೇಕಾಯಿತು.

ನಮ್ಮಲ್ಲಿ ಇದೇ ಹೆಸರಿನ ಸಂಸ್ಥೆಗಳು ಇಲ್ಲವೆಂದಲ್ಲ, ಆದರೆ ನಮ್ಮ ಪರಿಸ್ಥಿತಿಯೇ ಬೇರೆ. ನಮ್ಮ ಛತ್ರಗಳಲ್ಲಿ, ಹೋಟೆಲುಗಳಲ್ಲಿ ಉಳಿಯುವುದು ಬೇಯಿಸಿದ ಅನ್ನ ಸಾರು, ಅದಕ್ಕೆ ಆಯಸ್ಸು ಕೆಲವೇ ಗಂಟೆ. ಬೆಂಗಳೂರಿನಲ್ಲಿ ಮದುವೆ ಮನೆಯಿಂದ ಕೊಳೆಗೇರಿಗೆ ಸ್ಕೂಟರಿನಲ್ಲಿ ಪಾತ್ರೆ ಸಾಗಿಸುವ ಹುಡುಗರ ಕಸುಬು ಗೋದಾಮಿನದ್ದಲ್ಲ, ಓಟದ್ದು. ಉಳಿಕೆ ಆಹಾರವನ್ನು ಹೀಗೆ ಹಂಚುವುದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಾವಳಿ ತಂದಿದೆ. ಇನ್ನು ದಿನಸಿಯ ವಿಷಯಕ್ಕೆ ಬಂದರೆ, ನ್ಯಾಯಬೆಲೆ ಅಂಗಡಿ ಕೊಡುವುದು ದಾನವಲ್ಲ. ಕಾರ್ಡು ಹಿಡಿದು ಹೋದವರು ತಮ್ಮ ಅಕ್ಕಿ ಕಡಿಮೆ ತೂಗಿದರೆ ಜಗಳ ಮಾಡಬಹುದು. ಫುಡ್ ಬ್ಯಾಂಕಿನ ಮುಂದೆ ಜಗಳ ಮಾಡುವ ಹಾಗಿಲ್ಲ.

ದಾನ ಬೇರೆ, ಹಕ್ಕು ಬೇರೆ ಎಂಬ ಈ ಮಾತನ್ನು ಅಮೆರಿಕದಲ್ಲೇ ಗಟ್ಟಿಯಾಗಿ ಹೇಳಿದವರಿದ್ದಾರೆ. ಸಮಾಜಶಾಸ್ತ್ರಜ್ಞೆ ಜಾನೆಟ್ ಪಾಪೆಂಡೀಕ್ 1998ರಲ್ಲೂ ಆ್ಯಂಡ್ರೂ ಫಿಷರ್ 2017ರಲ್ಲೂ ಪುಸ್ತಕವನ್ನೇ ಬರೆದರು. ಡಬ್ಬಿ ಕೊಟ್ಟು ಸಮಾಧಾನಪಟ್ಟುಕೊಳ್ಳುವ ಸಮಾಜ ಕೂಲಿ, ಬಾಡಿಗೆಗಳ ಪ್ರಶ್ನೆಯನ್ನು ಮರೆಯುತ್ತದೆ ಎಂಬುದು ಅವರ ವಾದದ ತಿರುಳು. ನನಗೆ ಇದರಲ್ಲಿ ಹುರುಳು ಕಾಣುತ್ತದೆ, ಆದರೆ ಈ ಟೀಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಫುಡ್ ಬ್ಯಾಂಕಿನವರೇ ಎಂಬುದೂ ಕಾಣುತ್ತದೆ. ಸರ್ಕಾರ ಬಡವರಿಗೆ ದಿನಸಿ ಕೊಳ್ಳಲು ಕೊಡುವ ಸ್ನ್ಯಾಪ್ ಎಂಬ ಕಾರ್ಡು ಒಂಬತ್ತು ಊಟ ಕೊಡುವಲ್ಲಿ ನಾವೆಲ್ಲ ಸೇರಿ ಕೊಡುವುದು ಒಂದು ಊಟ ಎಂದು ಫೀಡಿಂಗ್ ಅಮೆರಿಕವೇ ಹೇಳಿಕೊಳ್ಳುತ್ತದೆ. ಸರ್ಕಾರದ ಕೆಲಸ ಸ್ಥಗಿತಗೊಂಡಿದ್ದರಿಂದ 2025ರ ನವೆಂಬರಿನಲ್ಲಿ ಸುಮಾರು 4 ಕೋಟಿ 20 ಲಕ್ಷ ಜನರ ಆ ಕಾರ್ಡಿಗೆ ಹಣ ಬೀಳುವುದು ತಡವಾದಾಗ ಊರೂರಿನಲ್ಲೂ ಫುಡ್ ಬ್ಯಾಂಕುಗಳ ಸಾಲು ಬೆಳೆದುಬಿಟ್ಟಿತು. ಒಂಬತ್ತರಲ್ಲಿ ಒಂದು ತಪ್ಪಿದರೂ ಗೋದಾಮಿನ ಕೆಲಸ ಎರಡರಷ್ಟಾಗಬೇಕು.

ಹಾಗಾಗಿ ಈಗ ಅನೇಕ ಫುಡ್ ಬ್ಯಾಂಕುಗಳು ಡಬ್ಬಿ ವಿಂಗಡಿಸುವ ಮೇಜಿನ ಜೊತೆಗೆ ಇನ್ನೊಂದು ಮೇಜನ್ನೂ ಇಟ್ಟಿವೆ. ಅಲ್ಲಿ ಕೂತವರ ಕೆಲಸ ಸ್ನ್ಯಾಪ್ ಅರ್ಜಿ ತುಂಬಿಕೊಡುವುದು. ಬಾಡಿಗೆ ಚೀಟಿ ಯಾವುದು, ಸಂಬಳದ ಪುರಾವೆ ಯಾವುದು, ಹಿಂದಿನ ಸಲ ತಿರಸ್ಕಾರವಾದದ್ದು ಯಾಕೆ ಎಂದು ಒಂದೊಂದೇ ಕಾಗದ ನೋಡಿ, ಇಲಾಖೆಗೆ ಫೋನು ಹಚ್ಚಿ, ಸಂಗೀತ ಕೇಳಿಸಿಕೊಳ್ಳುತ್ತ ಕಾದು ಕೂರುವುದು. ಕಾರ್ಡು ಸಿಕ್ಕವರು ತಮ್ಮ ಬೀದಿಯ ಅಂಗಡಿಗೆ ಹೋಗಿ ಬೇಕಾದ ಹಿಟ್ಟು, ಬೇಕಾದ ಹಾಲು ಕೊಂಡುಕೊಳ್ಳುತ್ತಾರೆ. ಆ ಕಾರ್ಡಿನಲ್ಲಿ ಸೋಪು, ಡೈಪರು ಕೊಳ್ಳಲು ಬರುವುದಿಲ್ಲ. ಅದಕ್ಕೇ ಷಿಕಾಗೊದ ಹರಾಜಿನ ಪಟ್ಟಿಯಲ್ಲಿ ಡೈಪರಿನ ಲಾರಿ ಕಂಡ ದಿನ ಬ್ಯಾಂಕುಗಳು ಹಿಂದೆಮುಂದೆ ನೋಡದೆ ಬಿಡ್ ಹಾಕುತ್ತವೆ.